ಗೇಟಿನ ಕಪ್ಪು ಹಲಗೆ ತೆಗೆದ ವರ್ಷ

ಜೆ.ಪಿ. ನಗರದ ನಮ್ಮ ಮಹಿಳಾ ಸಮಾಜದ ಕಟ್ಟಡದಲ್ಲಿ ಕೈ ತೊಳೆಯುವ ನಲ್ಲಿಗಳು ಮೊಣಕಾಲಿನ ಎತ್ತರಕ್ಕಿದ್ದವು. ಸಮಾರಂಭಕ್ಕೆ ಬಂದವರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಬಗ್ಗಿ, ಗೊಣಗಿಕೊಂಡೇ ಕೈ ತೊಳೆಯುತ್ತಿದ್ದರು. ಆದರೂ ಆ ನಲ್ಲಿಗಳನ್ನು ಎತ್ತರಿಸುವ ಮಾತನ್ನು ಯಾರೂ ಆಡಿರಲಿಲ್ಲ. ಬೆಳಗಿನ ಹೊತ್ತು ಆ ಕಟ್ಟಡ ನಮ್ಮದಾಗಿರಲಿಲ್ಲ, ಶಿಶುವಿಹಾರದ್ದಾಗಿತ್ತು. ಮುಂದಿನ ದೊಡ್ಡ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮೂರು, ನಾಲ್ಕು ವರ್ಷದ ಮಕ್ಕಳು ಹಾಡು ಹೇಳುತ್ತಿದ್ದವು, ಅಳುತ್ತಿದ್ದವು, ಒಂದರ ತಿಂಡಿ ಡಬ್ಬಿ ಇನ್ನೊಂದು ತೆಗೆದು ತಿನ್ನುತ್ತಿದ್ದವು. ತೊಂಬತ್ತರ ದಶಕದಲ್ಲಿ ನನ್ನ ಮಗಳೂ ಅಲ್ಲೇ ಹಾಡಿದ್ದಳು, ಅಲ್ಲೇ ಅತ್ತಿದ್ದಳು.

ಶಿಶುವಿಹಾರಕ್ಕೆ ಇದ್ದವರು ಒಬ್ಬರೇ ಟೀಚರು. ಅವರನ್ನು ಎಲ್ಲರೂ ಮಿಸ್ಸು ಎಂದೇ ಕರೆಯುತ್ತಿದ್ದೆವು. ಜೊತೆಗೆ ಒಬ್ಬ ಆಯಾ. ಗೇಟಿಗೆ ಒಂದು ಕಪ್ಪು ಹಲಗೆಯನ್ನು ತಂತಿಯಲ್ಲಿ ಕಟ್ಟಿದ್ದರು. ರಜೆ ಇದ್ದರೆ, ಬೇಗ ಬಿಡುವುದಿದ್ದರೆ, ಪೋಲಿಯೋ ಹನಿ ಹಾಕುವವರು ಬರುವುದಿದ್ದರೆ ಮಿಸ್ಸು ಅದರ ಮೇಲೆ ಬರೆಯುತ್ತಿದ್ದರು. ಬರೆದು ಸುಮ್ಮನಾಗುತ್ತಿರಲಿಲ್ಲ. ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯಲು ಬಂದ ಒಬ್ಬೊಬ್ಬ ತಾಯಿಯ ಮೊಣಕೈ ಹಿಡಿದು, "ಓದಿದ್ರಾ? ನಾಳೆ ಹತ್ತೂವರೆಗೇ ಬಿಟ್ಟುಬಿಡ್ತೀವಿ. ಹನ್ನೆರಡಕ್ಕೆ ಬಂದು ನಿಂತ್ಕೋಬೇಡಿ" ಎಂದು ಹೇಳಿಯೇ ಕಳಿಸುತ್ತಿದ್ದರು.

ಇನ್ನೊಂದು ಪದ್ಧತಿಯಿತ್ತು. ವಿಜಯದಶಮಿಯ ದಿನ ಸಮಾಜದಲ್ಲಿ ಅಕ್ಷರಾಭ್ಯಾಸ. ಅದಕ್ಕೆ ವಾರದ ಮುಂಚೆ ನಾವು ಇಬ್ಬಿಬ್ಬರು ಹೆಂಗಸರು ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ ಕರೆಯುತ್ತಿದ್ದೆವು. ನಮ್ಮ ಬಡಾವಣೆಗಷ್ಟೇ ಅಲ್ಲ, ಬನ್ನೇರುಘಟ್ಟ ರಸ್ತೆ ದಾಟಿ ಬಿಟಿಎಂ ಬಡಾವಣೆಯ ಕಡೆಗೂ ಹೋಗುತ್ತಿದ್ದೆವು. ಆ ದಿನ ತಟ್ಟೆಯ ಅಕ್ಕಿಯಲ್ಲಿ ಬೆರಳಿಟ್ಟು ಓಂಕಾರ ಬರೆದ ಮಗು ಜೂನ್ ತಿಂಗಳಲ್ಲಿ ತಾನಾಗಿಯೇ ಶಿಶುವಿಹಾರಕ್ಕೆ ಬರುತ್ತಿತ್ತು. ಅದನ್ನು ಪ್ರಚಾರ ಎಂದು ನಾವ್ಯಾರೂ ಕರೆದಿರಲಿಲ್ಲ.

ಆಮೇಲೆ ಸುತ್ತಮುತ್ತ ಬಣ್ಣಬಣ್ಣದ ಗೋಡೆಯ ಪ್ಲೇಸ್ಕೂಲುಗಳು ಬಂದವು. ಅವಕ್ಕೆ ವ್ಯಾನು, ಟೈ, ಶೂ. ನಮ್ಮಲ್ಲಿ ಚಾಪೆ. 2006ರ ಸುಮಾರಿಗೆ ಚಾಪೆಯ ಮೇಲೆ ಕೂರುವವರು ಅರ್ಧಕ್ಕೆ ಇಳಿದಿದ್ದರು. ಅದೇ ಹೊತ್ತಿಗೆ ಒಂದು ಕೋಚಿಂಗ್ ಕ್ಲಾಸಿನವರು ಬಂದು ಮುಂದಿನ ಕೋಣೆಯನ್ನು ಬಾಡಿಗೆಗೆ ಕೇಳಿದರು. ಸಮಿತಿಯ ಸಭೆಯಲ್ಲಿ ತೀರ್ಮಾನವಾಯಿತು: ಮುಂದಿನ ಜೂನ್ ಹೊತ್ತಿಗೆ ಕೋಣೆ ತುಂಬುವಷ್ಟು ಮಕ್ಕಳು ಸೇರಿದರೆ ಸರಿ, ಇಲ್ಲದಿದ್ದರೆ ಶಿಶುವಿಹಾರ ಮುಚ್ಚುವುದು. ಮಿಸ್ಸು ಬಾಗಿಲ ಹತ್ತಿರ ಕೂತಿದ್ದರು. ಕೈಯಲ್ಲಿ ಯಾವುದೋ ಮಗುವಿನ ಸ್ವೆಟರಿನ ಗುಂಡಿ ಇತ್ತು, ಅದನ್ನು ತಿರುಗಿಸುತ್ತಾ ಕೂತಿದ್ದರು.

ಆ ಸಭೆಯಲ್ಲೇ ನಮ್ಮ ಅಧ್ಯಕ್ಷೆಯ ಯಜಮಾನರು ಎದ್ದು ನಿಂತರು. ಸಾರ್ವಜನಿಕ ಸಂಪರ್ಕ ಅಧಿಕಾರಿಯಾಗಿ ನಿವೃತ್ತರಾದವರು. ಮಹಿಳಾ ಸಮಾಜದ ಸಭೆಯಲ್ಲಿ ಅವರಿಗೇನು ಕೆಲಸ ಎಂದು ಯಾರೂ ಕೇಳುವ ಹಾಗಿರಲಿಲ್ಲ. ಎಲ್ಲರಿಗೂ ಅವರು 'ಸಾರ್'.

"ಪ್ರಾಬ್ಲಂ ಏನು ಗೊತ್ತಾ? ವಿಸಿಬಿಲಿಟಿ ಇಲ್ಲ ನಮಗೆ," ಎಂದರು ಸಾರ್. "ಈಗೆಲ್ಲ ಇಂಟರ್ನೆಟ್ಟು. ನಾವಿನ್ನೂ ಕುಂಕುಮದ ಭರಣಿ ಹಿಡ್ಕೊಂಡು ಬಿಸಿಲಲ್ಲಿ ಅಲೀತಾ ಇದ್ದೀವಿ."

"ಬಿಸಿಲಲ್ಲಿ ಅಲೆಯೋರು ನಾವು ಕಣ್ರೀ, ನೀವಲ್ಲ," ಎಂದರು ಅಧ್ಯಕ್ಷೆ. ಎಲ್ಲರೂ ನಕ್ಕರು. ಸಾರ್ ಕೂಡ ನಕ್ಕರು. ಆದರೆ ಅವರ ಮಾತೇ ನಡೆಯಿತು.

ಆಗ ಕಾಲೇಜಿನ ಹುಡುಗರೆಲ್ಲ ಹುಚ್ಚೆದ್ದು ಬಳಸುತ್ತಿದ್ದ, ಈಗ ಮುಚ್ಚಿಯೇ ಹೋಗಿರುವ ಒಂದು ಸ್ನೇಹದ ಸೈಟಿತ್ತು. ಒಬ್ಬರ ಪುಟಕ್ಕೆ ಒಬ್ಬರು 'ಸ್ಕ್ರಾಪ್' ಎಂಬ ಸಣ್ಣ ಸಂದೇಶ ಕಳಿಸುವುದು, ಫೋಟೋಗೆ ಹೊಗಳಿಕೆ ಬರೆಯುವುದು. ಅದರಲ್ಲಿ 'ಕಮ್ಯುನಿಟಿ' ಎಂದು ಗುಂಪು ಕಟ್ಟಬಹುದಿತ್ತು. ಸಾರ್ ಶಿಶುವಿಹಾರದ ಹೆಸರಲ್ಲಿ ಒಂದು ಕಮ್ಯುನಿಟಿ ತೆರೆದರು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು.

"ನೀವು ಕಾನ್ವೆಂಟಲ್ಲಿ ಓದಿದೋರು. ಇಂಗ್ಲಿಷ್ ಚೆನ್ನಾಗಿದೆ, ಕೈಬರಹ ಚೆನ್ನಾಗಿದೆ," ಎಂದರು.

ಕಂಪ್ಯೂಟರಿನಲ್ಲಿ ಕೈಬರಹ ಎಲ್ಲಿಂದ ಬಂತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನಗೆ ಆ ಕೆಲಸ ಬೇಕೂ ಆಗಿತ್ತು. ಮಿಸ್ಸು ಆ ಗುಂಡಿ ತಿರುಗಿಸುತ್ತಾ ಕೂತದ್ದನ್ನು ನೋಡಿದ ಮೇಲೆ, ಏನಾದರೂ ಮಾಡದೆ ಮನೆಗೆ ಹೋಗಿ ಸಾರು ಕುದಿಸುವುದು ಕಷ್ಟವಾಗಿತ್ತು.

ಆ ಸೈಟನ್ನು ನನಗೆ ಕಲಿಸಿದವಳು ಪಿಯುಸಿ ಓದುತ್ತಿದ್ದ ನನ್ನ ಮಗಳು. ಮಧ್ಯಾಹ್ನ ಪಾತ್ರೆ ತೊಳೆದು, ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಕೀಲಿಗಳ ಮೇಲೆ ಒಗ್ಗರಣೆಯ ವಾಸನೆ ಎಂದು ಅವಳ ದೂರು. ಕಮ್ಯುನಿಟಿಗೆ ಜನ ಸೇರುತ್ತಾ ಹೋದರು. ಹಳೆಯ ವಿದ್ಯಾರ್ಥಿಗಳು ಬಂದರು. ಅವರಿಗೆ ಈಗ ಮೀಸೆ ಬಂದಿತ್ತು. 'ಹಾಯ್ ಆಂಟಿ', 'ಸಖತ್ ನೆನಪುಗಳು ಆಂಟಿ', 'ಮಗಾ ನೀನೂ ಇದೇ ಶಾಲೆನಾ' ಎಂದೆಲ್ಲ ಬರೆದರು. ಅವರ ಸ್ನೇಹಿತರು ಬಂದರು. ಆ ಸ್ನೇಹಿತರ ಸ್ನೇಹಿತರೂ ಬಂದರು. ಒಬ್ಬ ಬೈಕ್ ಮಾರಾಟಕ್ಕಿದೆ ಎಂದು ಹಾಕಿದ. ಸಾರ್ ಪ್ರತಿ ಸಂಜೆ ಫೋನು ಮಾಡಿ ಸದಸ್ಯರು ಎಷ್ಟಾದರು ಎಂದು ಕೇಳುತ್ತಿದ್ದರು. ನಾನು ಹೇಳಿದ ಕೂಡಲೇ "ಎಕ್ಸಲೆಂಟ್!" ಎನ್ನುತ್ತಿದ್ದರು.

"ಸಾರ್, ಇವರಲ್ಲಿ ಯಾರಿಗೂ ಮೂರು ವರ್ಷದ ಮಗು ಇರೋ ಹಾಗೆ ಕಾಣ್ಸಲ್ಲ," ಎಂದೆ ಒಂದು ದಿನ.

"ಇವತ್ತಿಲ್ಲ, ನಾಳೆ ಆಗುತ್ತಮ್ಮ. ಬ್ರ್ಯಾಂಡ್ ಅನ್ನೋದು ಹಾಗೇ ಬೆಳೆಯೋದು."

ನಾಳೆ ಎಂದರೆ ಅವರೆಲ್ಲ ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ ಎಂದರ್ಥ. ನಮಗೆ ಮಕ್ಕಳು ಬೇಕಿದ್ದದ್ದು ಜೂನಿಗೆ.

ಆ ಉತ್ಸಾಹದಲ್ಲೇ ಗೇಟಿನ ಕಪ್ಪು ಹಲಗೆ ಇಳಿಯಿತು. ಸೀಮೆಸುಣ್ಣದಲ್ಲಿ ಬರೆದದ್ದು ಹಳ್ಳಿ ಶಾಲೆಯ ಹಾಗೆ ಕಾಣುತ್ತದೆ ಎಂದು ಸಾರ್ ಅದನ್ನು ತೆಗೆಸಿ, ಆ ಜಾಗದಲ್ಲಿ ಕಮ್ಯುನಿಟಿಯ ವಿಳಾಸ ಬರೆದ ಫ್ಲೆಕ್ಸ್ ಕಟ್ಟಿಸಿದರು. ಇನ್ನು ಮುಂದೆ ಎಲ್ಲ ಸೂಚನೆಗಳೂ ಅಲ್ಲೇ ಎಂದರು. ಮಿಸ್ಸು ಗೇಟಲ್ಲಿ ನಿಂತು ಹೇಳುವುದೂ ಬೇಡ, ಅದು ಪ್ರೊಫೆಷನಲ್ ಅಲ್ಲ ಎಂದರು. ಮಿಸ್ಸು ನನ್ನ ಮುಖ ನೋಡಿದರು. ನಾನು ಫ್ಲೆಕ್ಸಿನ ಮೇಲಿದ್ದ ಮಗುವಿನ ಚಿತ್ರ ನೋಡಿದೆ. ನೀಲಿ ಕಣ್ಣಿನ ಮಗು. ನಮ್ಮ ಶಿಶುವಿಹಾರದಲ್ಲಿ ಅಂಥ ಮಗು ಎಂದೂ ಇರಲಿಲ್ಲ.

ಶ್ರಾವಣದಲ್ಲಿ ಸಮಾಜದ ವಾರ್ಷಿಕೋತ್ಸವ. ಅದರ ಸಿದ್ಧತೆಗಾಗಿ ಆ ದಿನ ಶಿಶುವಿಹಾರವನ್ನು ಹತ್ತೂವರೆಗೇ ಬಿಡುವುದೆಂದಾಯಿತು. ನಾನು ಮೂರು ದಿನ ಮುಂಚೆಯೇ ಕಮ್ಯುನಿಟಿಯಲ್ಲಿ ಸೂಚನೆ ಹಾಕಿದೆ. ಅದರ ಕೆಳಗೆ ಹುಡುಗರು 'ಸೂಪರ್ ಆಂಟಿ' ಎಂದು ಬರೆದರು. ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಅದಾಗಿ ವಾರಕ್ಕೆ ಕಮ್ಯುನಿಟಿಯಲ್ಲಿ ಹೊಸದೊಂದು ಬರಹ ಕಾಣಿಸಿತು. ಬರೆದವರ ಹೆಸರಿನ ಜಾಗದಲ್ಲಿ ಬರೀ ಚುಕ್ಕೆಗಳು, ಫೋಟೋ ಇರಬೇಕಾದಲ್ಲಿ ಒಂದು ಸೂರ್ಯಕಾಂತಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: 'ಈ ಶಾಲೆಗೆ ಮಕ್ಕಳನ್ನು ಕಳಿಸಬೇಡಿ. ಇವರಿಗೆ ಮಕ್ಕಳಿಗಿಂತ ಫಂಕ್ಷನ್ ಮುಖ್ಯ.'

ಕೂಡಲೇ ಸಾರ್‌ಗೆ ಫೋನು ಮಾಡಿದೆ.

"ಗುಡ್. ನೆಗೆಟಿವ್ ಕಾಮೆಂಟ್ ಬಂತು ಅಂದ್ರೆ ಜನ ನೋಡ್ತಾ ಇದ್ದಾರೆ ಅಂತ ಅರ್ಥ," ಎಂದರು.

"ಏನಾಯ್ತು ಅಂತ ಕೇಳ್ಲಾ ಸಾರ್?"

"ಅಯ್ಯೋ ಬೇಡ! ಕೇಳಿದ್ರೆ ಹೇಳ್ತಾರಮ್ಮ. ಪಬ್ಲಿಕ್ಕಲ್ಲಿ ಡೀಟೇಲ್ಸ್ ಬೇಡ. ಪೊಲೈಟಾಗಿ ಥ್ಯಾಂಕ್ಸ್ ಹೇಳಿ ಕ್ಲೋಸ್ ಮಾಡಿ. ಆದ್ರೆ ಪ್ರತಿ ಕಾಮೆಂಟಿಗೂ ರಿಪ್ಲೈ ಇರ್ಲೇಬೇಕು. ಸೈಲೆನ್ಸ್ ಇರ್ಬಾರ್ದು."

ಪೊಲೈಟಾಗಿ ಬರೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಶುಕ್ರವಾರದ ಕಡೆಯ ಪೀರಿಯಡ್ಡು ಪತ್ರಲೇಖನ. ಬಂದ ಪತ್ರಕ್ಕೆ ಉತ್ತರ ಬರೆಯದಿರುವುದು ಎಂಜಲು ಕೈಯಲ್ಲಿ ಕೈಕುಲುಕಿದಷ್ಟೇ ಅಸಭ್ಯ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ನಾನು 'ಡಿಯರ್ ಸರ್ ಆರ್ ಮೇಡಂ' ಎಂದು ಶುರುಮಾಡಿ, ತಮ್ಮ ಅಮೂಲ್ಯವಾದ ಅಭಿಪ್ರಾಯಕ್ಕೆ ನಾವು ಆಭಾರಿಗಳು ಎಂದು ಇಂಗ್ಲಿಷಿನಲ್ಲಿ ಬರೆದೆ. ಎರಡು ದಿನ ಬಿಟ್ಟು ಸೂರ್ಯಕಾಂತಿ ಮತ್ತೆ ಬರೆಯಿತು: 'ಇದಾ ಉತ್ತರ?' ನಾನು ಮತ್ತೆ ಆಭಾರಿಯಾದೆ. ಅದು ಮತ್ತೆ ಬರೆಯಿತು. ನಾನು ಇನ್ನಷ್ಟು ಮೃದುವಾಗಿ, ಇನ್ನಷ್ಟು ಉದ್ದವಾಗಿ ಆಭಾರಿಯಾದೆ. ಪ್ರತಿ ಉತ್ತರವನ್ನೂ ಸಾರ್‌ಗೆ ಫೋನಿನಲ್ಲಿ ಓದಿ ಒಪ್ಪಿಗೆ ಪಡೆಯುತ್ತಿದ್ದೆ. ಕಾಮಾ ಎಲ್ಲಿ ಬರಬೇಕು ಎಂಬುದರ ಮೇಲೂ ಚರ್ಚೆಯಾಗುತ್ತಿತ್ತು.

ಒಂದು ದಿನ ಮಗಳು ನನ್ನ ಬೆನ್ನ ಹಿಂದೆ ನಿಂತು ಓದಿದಳು. "ಅಮ್ಮಾ, ಇದೇನೇ ಇದು? ಬ್ಯಾಂಕ್‌ನೋರು ಲೋನ್ ಕೊಡಲ್ಲ ಅಂತ ಬರೆದ ಹಾಗಿದೆ."

"ಮರ್ಯಾದೆಯಾಗಿ ಬರೀಬಾರ್ದಾ?"

"ಬರಿ. ಆದ್ರೆ ನೀನು ಬರೆದಾಗಲೆಲ್ಲ ಆ ಕಂಪ್ಲೇಂಟು ಮೇಲಕ್ಕೆ ಬರುತ್ತೆ, ಗೊತ್ತಾ? ಲಾಸ್ಟ್ ಯಾವುದಕ್ಕೆ ರಿಪ್ಲೈ ಬಂದಿರುತ್ತೋ ಅದೇ ಫಸ್ಟ್ ಕಾಣ್ಸೋದು. ನೀನು ಸುಮ್ನಿದ್ದಿದ್ರೆ ಇಷ್ಟು ಹೊತ್ತಿಗೆ ಅದು ಬೈಕ್ ಮಾರೋನ ಕೆಳಗೆ ಹೋಗಿರ್ತಿತ್ತು."

ನಾನು ಪುಟವನ್ನು ನೋಡಿದೆ. ನಿಜ. ಶಿಶುವಿಹಾರದ ಕಮ್ಯುನಿಟಿ ತೆರೆದರೆ ಮೊದಲ ಸಾಲಿನಲ್ಲೇ 'ಮಕ್ಕಳನ್ನು ಕಳಿಸಬೇಡಿ'. ಮಕ್ಕಳು ಹಾಡು ಹೇಳುವ ಫೋಟೋಗಳು, ಜೂನಿನ ಪ್ರವೇಶದ ಮಾಹಿತಿ, ನಾನು ಕಷ್ಟಪಟ್ಟು ಹಾಕಿದ್ದೆಲ್ಲ ಕೆಳಗೆ, ಇನ್ನೂ ಕೆಳಗೆ. ಅಪ್ಪಿತಪ್ಪಿ ಯಾರಾದರೂ ಹೊಸ ತಂದೆತಾಯಿ ಅಲ್ಲಿಗೆ ಬಂದಿದ್ದರೆ ಏನು ಓದಿಕೊಂಡು ಹೋಗಿರಬಹುದು? ಅದನ್ನು ಪ್ರತಿ ವಾರವೂ ಹೊತ್ತು ತಂದು ಮೇಲಿಟ್ಟದ್ದು ನಮ್ಮ ಸಭ್ಯತೆ.

ಸಾರ್‌ಗೆ ಹೇಳಿದೆ. ಅಳಿಸಿಬಿಡೋಣ ಎಂದೆ. "ಡಿಲೀಟ್ ಮಾಡಿದ್ರೆ ಹೆದರಿದ್ವಿ ಅಂತ ಆಗುತ್ತೆ," ಎಂದರು. ಉತ್ತರ ನಿಲ್ಲಿಸೋಣ ಎಂದೆ. "ನಿಲ್ಸಿದ್ರೆ ತಪ್ಪು ಒಪ್ಕೊಂಡ್ವಿ ಅಂತ ಆಗುತ್ತೆ," ಎಂದರು. ಫೋನು ಇಟ್ಟು, ಒಲೆಯ ಮೇಲಿದ್ದ ಹಾಲು ಉಕ್ಕುವವರೆಗೂ ನಿಂತಲ್ಲೇ ನಿಂತಿದ್ದೆ.

ವಿಜಯದಶಮಿ ಬಂತು. ಆ ವರ್ಷ ಕುಂಕುಮದ ಭರಣಿ ಅಧ್ಯಕ್ಷೆಯ ಮನೆಯ ದೇವರ ಗೂಡಿನಿಂದ ಹೊರಗೆ ಬರಲಿಲ್ಲ. ಆಹ್ವಾನ ಕಮ್ಯುನಿಟಿಯಲ್ಲಿ ಹೋಯಿತು, ಈಮೇಲಿನಲ್ಲಿ ಹೋಯಿತು. ದೀಪ ಮಿನುಗುವ, ಹೂವು ಉದುರುವ ಚಿತ್ರದೊಂದಿಗೆ ಹೋಯಿತು. ಬೆಳಿಗ್ಗೆ ಮಿಸ್ಸು ಮತ್ತು ಆಯಾ ಚಾಪೆಯುದ್ದಕ್ಕೂ ಸ್ಟೀಲ್ ತಟ್ಟೆಗಳನ್ನಿಟ್ಟು ಅಕ್ಕಿ ಹರಡಿದ್ದರು. ಪ್ರತಿ ತಟ್ಟೆಯ ಪಕ್ಕದಲ್ಲಿ ಒಂದು ಅರಿಶಿನದ ಕೊಂಬು, ಒಂದು ಸೇವಂತಿಗೆ. ಪುರೋಹಿತರು ಗಡಿಯಾರ ನೋಡಿದರು. ಬಂದದ್ದು ನಾಲ್ಕು ಮಕ್ಕಳು. ಅದರಲ್ಲಿ ಒಂದು ಪುರೋಹಿತರ ಮೊಮ್ಮಗು.

ಮಿಸ್ಸು ಉಳಿದ ತಟ್ಟೆಗಳ ಅಕ್ಕಿಯನ್ನು ಡಬ್ಬಕ್ಕೆ ಸುರಿಯುವಾಗ ಒಂದು ಕಾಳೂ ಚಾಪೆಗೆ ಬೀಳದ ಹಾಗೆ ಅಂಗೈ ಅಡ್ಡ ಹಿಡಿದಿದ್ದರು. "ಹೋದ ವರ್ಷ ತಟ್ಟೆ ಸಾಲ್ದೆ ಎದುರುಮನೆಯಿಂದ ತಂದಿದ್ವಿ," ಎಂದರು. ಅಷ್ಟೇ.

ಸಾರ್ ಮಾತ್ರ ಬೇಸರಪಟ್ಟುಕೊಳ್ಳಲಿಲ್ಲ. ಆಹ್ವಾನದ ಕೆಳಗೆ 'ಹ್ಯಾಪಿ ದಸರಾ ಆಂಟಿ' ಎಂದು ಬಂದಿದ್ದ ಉತ್ತರಗಳನ್ನು ಪ್ರಿಂಟ್ ತೆಗೆದು ಸಮಿತಿಗೆ ತೋರಿಸಿದರು. ಕೋಚಿಂಗ್ ಕ್ಲಾಸಿನವರು ಆ ತಿಂಗಳು ಟೇಪು ತಂದು ಕೋಣೆಯನ್ನು ಅಳೆದುಕೊಂಡು ಹೋದರು. ಮಕ್ಕಳು ಹಾಡು ಹೇಳುತ್ತಿರುವಾಗಲೇ ಅಳೆದರು. ಟೇಪಿನ ಒಂದು ತುದಿಯನ್ನು ಒಂದು ಮಗು ಆಟವೆಂದುಕೊಂಡು ಗೋಡೆಗೆ ಒತ್ತಿ ಹಿಡಿದಿತ್ತು.

ಸಂಕ್ರಾಂತಿಯ ದಿನ ನಾನು ಯಾರಿಗೂ ಹೇಳದೆ ಹೊರಟೆ. ಎಳ್ಳು ಬೀರಲು ಹೆಂಗಸು ಯಾರ ಮನೆಗೆ ಹೋದರೂ ಬಾಗಿಲು ತೆರೆಯುತ್ತದೆ, ಏಕೆ ಬಂದೆ ಎಂದು ಕೇಳುವವರಿಲ್ಲ. ಎಳ್ಳು ಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಹಿಂದಿನ ದಿನ ಮಡಿವಾಳ ಮಾರ್ಕೆಟ್ಟಿನಿಂದ ತಂದು ತುಂಡು ಮಾಡಿಟ್ಟ ಕಬ್ಬು, ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಬನ್ನೇರುಘಟ್ಟ ರಸ್ತೆ ದಾಟಿದೆ. ಮೊದಲು ಹೋದದ್ದು ಬಿಟಿಎಂನಲ್ಲಿ ನಾವು ಪ್ರತಿ ವರ್ಷ ಅಕ್ಷರಾಭ್ಯಾಸಕ್ಕೆ ಕರೆಯುತ್ತಿದ್ದ ಒಂದು ಮನೆಗೆ. ಹಳೇ ಊರಿನ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದರು. ಮನೆಯೊಡತಿ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಓಹೋ, ಇವಾಗ ಗ್ಯಾಪ್ಕ ಬಂತಾ ನಮ್ಮನೆ?" ಎಂದರು. "ಆಯುಧಪೂಜೆ ಟೈಮಲ್ಲಿ ಯಾಕೆ ಬರ್ಲಿಲ್ಲ? ಕುಂಕುಮ ಇಟ್ಟು ಕರ್ದಿದ್ರೆ ನಮ್ಮ ಬಾಡಿಗೆಯೋರ ಮಕ್ಳನ್ನೆಲ್ಲ ನಾನೇ ಎಳ್ಕೊಂಡ್ ಬರ್ತಿದ್ದೆ. ಸ್ಕೂಲು ಮುಚ್ಚೋಯ್ತೇನೋ ಅಂದ್ಕೊಂಡ್ವಿ."

"ಮುಚ್ಚಿಲ್ಲಮ್ಮ. ಇಂಟರ್ನೆಟ್ಟಲ್ಲಿ ಕರೆದಿದ್ವಿ."

"ಅದ್ಯಾರ್ ಮನೆ?"

ನನಗೆ ನಗು ಬಂತು. ನಗುವಷ್ಟರಲ್ಲೇ ಕಣ್ಣೂ ಉರಿಯಿತು. ಅವರು ಅವರೆಕಾಳಿನ ಮೊರ ಪಕ್ಕಕ್ಕಿಟ್ಟು ಎದ್ದರು. "ಬಾ, ಮ್ಯಾಲಕ್ಕೆ ಬಾ. ನಿಮ್ಮ ಸ್ಕೂಲಿಗೆ ಹೋಯ್ತಿದ್ದ ಕೂಸಿನ ಮನೇನೇ ಐತೆ. ಬಿಡಿಸ್ಬಿಟ್ರು. ಯಾಕೆ ಅಂತ ನೀನೇ ಕೇಳು. ನಂಗೆ ಹೇಳಕ್ಕಾಗಕ್ಕಿಲ್ಲ."

ಎರಡನೇ ಅಂತಸ್ತಿನಲ್ಲಿ ಬಾಗಿಲು ತೆರೆದವಳು ಉತ್ತರ ಕರ್ನಾಟಕದ ಕಡೆಯ ಎಳೆ ವಯಸ್ಸಿನ ಗೃಹಿಣಿ. ಗಂಡನಿಗೆ ಯಾವುದೋ ಆಫೀಸಿನಲ್ಲಿ ಕೆಲಸ. ಆಕೆಯ ಸೊಂಟದಲ್ಲಿ ಒಂದು ಗಂಡುಮಗು, ಸೆರಗು ಹಿಡಿದು ಒಂದು ಹೆಣ್ಣುಮಗು. ಹೆಣ್ಣುಮಗುವನ್ನು ನಾನು ಗುರುತಿಸಿದೆ. ಶಿಶುವಿಹಾರದಲ್ಲಿ ಯಾವಾಗಲೂ ಕಿಟಕಿಯ ಪಕ್ಕ ಕೂರುತ್ತಿತ್ತು. ಮಳೆಗಾಲದಲ್ಲಿ ಬರುವುದನ್ನು ನಿಲ್ಲಿಸಿದಾಗ, ಮನೆ ಬದಲಾಯಿಸಿರಬೇಕು ಎಂದು ಮಿಸ್ಸು ಹೇಳಿದ್ದರು.

ಆಕೆ ನನ್ನ ಕೈಯಿಂದ ಎಳ್ಳು ತೆಗೆದುಕೊಂಡು, ಒಳಗೆ ಹೋಗಿ ತನ್ನ ಊರಿಂದ ಬಂದ ಕುಸುರೆಳ್ಳು ತಂದು ನನ್ನ ಅಂಗೈಗೆ ಹಾಕಿದಳು. ಸಣ್ಣ ಸಣ್ಣ ಮುಳ್ಳುಗಳಂತೆ ಸಕ್ಕರೆ ಮೂಡಿದ ಬಿಳಿ ಎಳ್ಳು. ಶಿಶುವಿಹಾರದಿಂದ ಬಂದವಳು ಎಂದು ಹೇಳಿದ ಮೇಲೆ ಮಾತ್ರ ಮುಖ ಗಟ್ಟಿಯಾಯಿತು.

"ಏನ್ ಹೇಳ್ಲಿರಿ ಅಕ್ಕಾರ," ಎಂದಳು. "ಅವತ್ತ ನಿಮ್ಮಲ್ಲಿ ಏನೋ ಫಂಕ್ಷನ್ ಇತ್ತಲ್ರಿ, ಲಗೂ ಬಿಟ್ಟೀರಿ. ನನಗ ಯಾರೂ ಹೇಳಿದ್ದಿಲ್ಲ. ನಾ ಹನ್ನೆರಡಕ್ಕ ಬಂದೆ. ಒಳಗ ಎಲ್ಲಾರೂ ಕುರ್ಚಿ ಹಾಕಾಕತ್ತಿದ್ರು. ಕೂಸು ಇಲ್ಲ. ಯಾರ್ನ ಕೇಳಿದ್ರೂ ಎಲ್ಲಾ ಮಕ್ಕಳೂ ಹ್ವಾದ್ವು ಅಂತಾರ. ಎದುರಿಗೆ ಕಾಂಡಿಮೆಂಟ್ಸ್ ಅಂಗಡಿ ಐತಲ್ರಿ, ಅವರು ಹಿಡದ ಕೂಡ್ಸಿದ್ರು. ಒಂಟಿಯಾಗಿ ರಸ್ತೆ ದಾಟಿ ಹೋಗಿತ್ರಿ. ಲಾರಿ, ಬಸ್ಸು ಹೋಗೂ ರಸ್ತೆ."

ಆಯಾ, ಮಿಸ್ಸು ಇಬ್ಬರನ್ನೂ ಅಂದು ಕುರ್ಚಿ ಜೋಡಿಸಲು ಒಳಗೆ ಕರೆದದ್ದು ನೆನಪಿತ್ತು. ಗೇಟಿನಲ್ಲಿ ಯಾರೂ ಇರಲಿಲ್ಲ. ಉಳಿದ ತಾಯಂದಿರು ಒಬ್ಬರಿಗೊಬ್ಬರು ಫೋನಿನಲ್ಲಿ ಹೇಳಿಕೊಂಡಿದ್ದರು. ಊರಿಗೆ ಹೊಸಬಳಾದ ಈಕೆಗೆ ಫೋನು ಮಾಡುವವರು ಇರಲಿಲ್ಲ.

"ಯಾಕೆ ಬಂದು ಕೇಳ್ಲಿಲ್ಲಮ್ಮ? ಜಗಳ ಆಡ್ಬೇಕಿತ್ತು ನೀವು."

"ನಾ ಮಾತಾಡಿದ್ರ ಇಲ್ಲಿಯವರು ನಗ್ತಾರ್ರಿ. ನಮ್ಮ ಮನಿಯವರಿಗೆ ಹೇಳ್ದೆ. ಅವರು ಆಫೀಸಿನ್ಯಾಗ ಕುಂತು ಕಂಪ್ಯೂಟರ್‌ದಾಗ ಬರದ್ರು. ನಿಮ್ಮ ಕಡಿಯಿಂದ ಏನೋ ಇಂಗ್ಲಿಷ್ ಬರ್ತಿತ್ತಂತ. ಓದಿ ಓದಿ ಸಿಟ್ಟ ಮಾಡ್ಕೊಂಡು ಬರ್ತಿದ್ರು."

ಕುಸುರೆಳ್ಳು ನನ್ನ ಅಂಗೈಯಲ್ಲಿ ಬೆವರಿಗೆ ಅಂಟತೊಡಗಿತ್ತು. ಆ ಇಂಗ್ಲಿಷ್ ನನ್ನದು ಎಂದು ಹೇಳಿದೆ. ಆಕೆ ನನ್ನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದಳು. "ನಿಮ್ದಾ? ನೋಡಿದ್ರ ಹಂಗ ಕಾಣ್ಸೂದಿಲ್ಲ," ಎಂದಳು.

ಸಂಜೆಯೇ ಸಾರ್‌ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಧ್ಯಕ್ಷೆ ಬಾಯಿಗೆ ಸೆರಗು ಒತ್ತಿಕೊಂಡರು. ಸಾರ್ ಮಾತ್ರ, "ಇದನ್ನ ಕೇರ್‌ಫುಲ್ಲಾಗಿ ಹ್ಯಾಂಡಲ್ ಮಾಡ್ಬೇಕು. ಒಂದು ಕ್ಲಾರಿಫಿಕೇಶನ್ ಡ್ರಾಫ್ಟ್ ಮಾಡೋಣ. ಕಮ್ಯುನಿಟಿಯಲ್ಲಿ ಹಾಕೋಣ," ಎಂದರು.

"ಸಾರ್, ಅವರ ಮನೆ ಇಲ್ಲಿಂದ ಹದಿನೈದು ನಿಮಿಷ. ಹೋಗಿ ಕ್ಷಮಿಸಿ ಅನ್ನೋಣ."

"ಸಾರಿ ಅಂದ್ರೆ ಲಯಬಿಲಿಟಿ ಬರುತ್ತಮ್ಮ."

ನನ್ನ ಜೀವನದಲ್ಲಿ ಹಿರಿಯರ ಎದುರು ದನಿ ಎತ್ತಿದ ನೆನಪಿಲ್ಲ. ಅಂದೂ ಎತ್ತಲಿಲ್ಲ. ಅವರು ಕೊಟ್ಟ ಕಾಫಿ ಕುಡಿಯದೆ ಎದ್ದೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಮಾತಿಲ್ಲ. ಅಧ್ಯಕ್ಷೆಗೆ ಅದು ಅರ್ಥವಾಯಿತು. ಅವರು ಲೋಟ ನೋಡಿ, ಗಂಡನ ಕಡೆ ತಿರುಗಿ, "ಈ ವಿಷಯಕ್ಕೆ ನೀವು ಇನ್ನು ಬಾಯಿ ಹಾಕ್ಬೇಡಿ. ಇದು ಹೆಂಗಸರ ಸಮಾಜ," ಎಂದರು.

ಮಾರನೆಯ ದಿನ ಮಿಸ್ಸು ಮತ್ತು ನಾನು ಆ ಮನೆಗೆ ಹೋದೆವು. ಗಂಡನೂ ಇದ್ದ. ಕಮ್ಯುನಿಟಿಯಲ್ಲಿ ಅಷ್ಟು ಖಾರವಾಗಿ ಬರೆಯುತ್ತಿದ್ದವನು ಎದುರಿಗೆ ಸಂಕೋಚದ ಹುಡುಗನಂತಿದ್ದ. ಕಾಲೊರೆಸುವ ಗೋಣಿಯ ಅಂಚನ್ನು ಹೆಬ್ಬೆರಳಿನಿಂದ ಮಡಚುತ್ತಾ ನಿಂತಿದ್ದ. ಆದರೆ ಮಾತು ಬಿಡಲಿಲ್ಲ.

"ಮೇಡಂ, ಅಷ್ಟ್ ಸಲ ಥ್ಯಾಂಕ್ಯೂ ಬರದೀರಿ. ಒಂದ್ ಸಲ ಏನಾತಪಾ ಅಂತ ಕೇಳ್ಲಿಲ್ರಿ."

ಮಿಸ್ಸು ಹೆಣ್ಣುಮಗುವಿನ ಮುಂದೆ ನೆಲದ ಮೇಲೆ ಕೂತರು. "ಪುಟ್ಟಾ, ಅವತ್ತು ಮಿಸ್ಸು ನಿನ್ನ ನೋಡ್ಲಿಲ್ಲ. ತಪ್ಪಾಯ್ತು," ಎಂದರು. ಮಗು ಅವರ ಬಳೆ ಮುಟ್ಟಿ ನೋಡಿ, ಒಳಗೆ ಓಡಿತು. ಆಕೆ ಚಹಾ ತಂದಳು. ಆ ರಾತ್ರಿಯೇ ಅವನು ಸೂರ್ಯಕಾಂತಿಯ ಬರಹ ಅಳಿಸಿದ. ನಾವು ಅಳಿಸು ಎಂದು ಕೇಳಿರಲಿಲ್ಲ.

ಆಮೇಲಿನ ತಿಂಗಳುಗಳೆಲ್ಲ ಕಾಲ್ನಡಿಗೆಯಲ್ಲೇ ಕಳೆದವು. ಅಧ್ಯಕ್ಷೆ, ಮಿಸ್ಸು, ನಾನು, ಜೊತೆಗೆ ಅವರೆಕಾಯಿ ಸುಲಿಯುತ್ತಿದ್ದ ಆ ಮನೆಯೊಡತಿ. ಆಕೆ ಹೋದ ಕಡೆಯಲ್ಲೆಲ್ಲ ಬಾಗಿಲು ತಟ್ಟುವುದಿಲ್ಲ, ಕೂಗುತ್ತಾರೆ. "ಏ ಹುಡ್ಗೀ, ಮಗೂನ ಮನೇಲಿ ಟೀವಿ ಮುಂದೆ ಕೂರ್ಸಿದ್ದೀಯಾ? ಇಲ್ನೋಡು ಮಿಸ್ಸು ಬಂದವ್ರೆ." ಆ ಬಾಡಿಗೆ ಮನೆಗಳ ಮೆಟ್ಟಿಲುಗಳಲ್ಲಿ ನಾನು ಕಂಡಷ್ಟು ಚಿಕ್ಕ ಚಿಕ್ಕ ಚಪ್ಪಲಿಗಳನ್ನು ನಮ್ಮ ಕಮ್ಯುನಿಟಿಯಲ್ಲಿ ಎಂದೂ ಕಂಡಿರಲಿಲ್ಲ. ಸಿಟ್ಟು ಬರುತ್ತಿತ್ತು. ಈ ಮನೆಗಳು ಹೋದ ವರ್ಷವೂ ಇಲ್ಲೇ ಇದ್ದವು, ಈ ಚಪ್ಪಲಿಗಳೂ ಇದ್ದವು. ನಾನು ಮಧ್ಯಾಹ್ನವೆಲ್ಲ ಕೂತು ಮೀಸೆ ಬಂದ ಹುಡುಗರಿಗೆ ಥ್ಯಾಂಕ್ಯೂ ಬರೆಯುತ್ತಿದ್ದೆ.

ಆ ಸೈಟು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆಫೀಸಿನಲ್ಲಿ ಕೂತ ಆ ಗಂಡನಿಗೆ ದನಿ ಎತ್ತಲು ಅದೊಂದೇ ಜಾಗ ಸಿಕ್ಕಿತ್ತು. ಅದು ಬಾಗಿಲು ತಟ್ಟಿದ ಶಬ್ದ ಎಂದು ನಮಗೆ ಹೊಳೆಯಲಿಲ್ಲ. ಅದಕ್ಕೆ ಹೇಗೆ ಚೆಂದವಾಗಿ ಉತ್ತರ ಕೊಡುವುದು ಎಂದು ನೋಡಿದೆವೇ ಹೊರತು, ಎದ್ದು ಹೋಗಿ ಚಿಲಕ ತೆಗೆಯಲಿಲ್ಲ.

ಜೂನಿಗೆ ಕೋಣೆ ತುಂಬಿತು. ಕೋಚಿಂಗ್ ಕ್ಲಾಸಿನವರು ಬೇರೆ ಜಾಗ ನೋಡಿಕೊಂಡರು. ಸಮಾಜದ ವಾರ್ಷಿಕ ವರದಿಯನ್ನು ಬರೆದುಕೊಟ್ಟವರು ಸಾರ್. ಅದರಲ್ಲಿ ಅಂತರ್ಜಾಲದ ಪರಿಣಾಮಕಾರಿ ಬಳಕೆಯಿಂದ ಶಿಶುವಿಹಾರಕ್ಕೆ ಹೊಸ ಜೀವ ಬಂತು ಎಂದಿತ್ತು. ಓದಿದಾಗ ನನ್ನ ಕಿವಿ ಬಿಸಿಯಾಯಿತು. ಮನೆಯಲ್ಲಿ ನಮ್ಮವರಿಗೆ ತೋರಿಸಿದೆ. "ಹೋಗ್ಲಿ ಬಿಡು, ಮಕ್ಕಳು ಬಂದ್ವಲ್ಲ," ಎಂದರು. ಹೋಗಲಿ ಬಿಡು ಎನ್ನುವುದು ಅವರಿಗೆ ಸುಲಭ. ನನಗೆ ಬಿಡಲಾಗಲಿಲ್ಲ. ಆದರೆ ನಾನು ಹೇಳಹೊರಟದ್ದು ಆ ವರದಿಯ ಬಗ್ಗೆ ಅಲ್ಲ.

ಶಾಲೆ ತೆರೆದ ದಿನ ಆ ತಾಯಿಯೂ ಬಂದಳು. ಮಗಳು ಆ ಹೊತ್ತಿಗೆ ದೊಡ್ಡ ಶಾಲೆಗೆ ಸೇರಿದ್ದಳು. ಈಗ ಕೈ ಹಿಡಿದು ತಂದದ್ದು ಮಗನನ್ನು. ಮಿಸ್ಸು ಗೇಟಿನಲ್ಲೇ ನಿಂತು ಎತ್ತಿಕೊಂಡರು. ಮಗು ಅಳಲಿಲ್ಲ. ಉಳಿದ ತಾಯಂದಿರು ಕೈ ಬೀಸಿ, ಕಣ್ಣೊರೆಸಿಕೊಂಡು, ಮಾತಾಡಿಕೊಂಡು ಹೊರಟುಹೋದರು. ಈಕೆ ಹೋಗಲಿಲ್ಲ. ಎದುರಿನ ಕಾಂಪೌಂಡಿನ ಪಕ್ಕ, ಕೋಣೆಯ ಬಾಗಿಲೂ ರಸ್ತೆಯೂ ಎರಡೂ ಕಾಣುವ ಜಾಗ ನೋಡಿ ನಿಂತಳು. ಹತ್ತು ಗಂಟೆಗೆ ನಾನು ಹೊರಗೆ ಬಂದಾಗಲೂ ನಿಂತಿದ್ದಳು. ಹನ್ನೊಂದಕ್ಕೂ ಅಲ್ಲೇ ಇದ್ದಳು. ಬಿಸಿಲು ಏರಿತ್ತು.

ನಾನು ಒಳಗಿಂದ ಒಂದು ಕುರ್ಚಿ ತಂದು ಹಾಕಿದೆ. "ಕೂತ್ಕೊಳ್ಳಿ. ಮನೆಗೆ ಹೋಗಿ ಅಡುಗೆ ಮುಗಿಸ್ಕೊಂಡು ಬನ್ನಿ ಬೇಕಾದ್ರೆ. ಮಿಸ್ಸು ಗೇಟು ಬಿಟ್ಟು ಅಲ್ಲಾಡಲ್ಲ, ನಾನೂ ಇಲ್ಲೇ ಇರ್ತೀನಿ."

"ಗೊತ್ತೈತ್ರಿ ಅಕ್ಕಾರ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸ್ವಲ್ಪ ನಕ್ಕಳು ಕೂಡ. "ಆದ್ರೂ ಇರ್ತೀನ್ರಿ."

ಅವಳು ಕೂರಲಿಲ್ಲ. ಆ ತಿಂಗಳು ಪೂರ್ತಿ ಹಾಗೇ ನಿಂತಳು. ನಾನು ದಿನವೂ ಕುರ್ಚಿ ತಂದು ಹಾಕುತ್ತಿದ್ದೆ, ಮಧ್ಯಾಹ್ನ ಒಳಗೆ ಎತ್ತಿಡುತ್ತಿದ್ದೆ.